ಕೆಂಚ ಹೊಸ್ತಿಲು ಬಿಟ್ಟ ದಿನ

ಹೂಂ ಅನ್ನವರು ಹತ್ರ ಬರ್ರಿ, ತೂಕಡಿಸವರು ಗ್ವಾಡಿಗೆ ಒರಗ್ರಿ. ಯಾವ ರಾಜ್ಯ ಅಂತ ಮಾತ್ರ ಕೇಳಬ್ಯಾಡ್ರಿ. ಕುರಿ ಮೇಯಾಕ ಹುಲ್ಲು, ನಾಯಿ ಬೊಗಳಾಕ ಬಯಲು ಇದ್ದ ಒಂದು ರಾಜ್ಯ. ಅಲ್ಲಿ ಮಾಳಪ್ಪ ಅಂತ ಒಬ್ಬ ಕುರುಬರ ಹಿರಿಯ, ಅವನ ಹೆಂಡ್ತಿ ಹೊನ್ನವ್ವ. ಮಗ ಕುರಿ ಹೊಡಕೊಂಡು ದೂರದ ಸೀಮಿಗೆ ಹೋಗಿದ್ದ. ಸೊಸಿ ಲಕ್ಕವ್ವ ಬಾಣಂತನಕ್ಕ ತವರಿಗೆ ಹೋಗಿದ್ಲು. ಮತ್ತ ಮನಿಯಾಗ ಯಾರಿದ್ರು? ಕೆಂಚ ಇದ್ದ. ಕೆಂಚ ಅಂದ್ರ ನಾಯಿ. ಎಂಥಾ ನಾಯಿ ಅಂತೀರಿ! ನಿಂತ್ರ ಮಾಳಪ್ಪನ ಸೊಂಟಕ್ಕ ಬರ್ತಿದ್ದ. ಬೊಗಳಿದ್ರ ಕೊಟ್ಟಿಗ್ಯಾಗಿನ ಎತ್ತು ಮೇವು ಬಿಡ್ತಿದ್ವು.

ಆ ಮನಿಯವರು ಮೈಲಾರಲಿಂಗನ ಒಕ್ಕಲು. ನಾಯಿ ಅಂದ್ರ ದೇವರ ಪರಿವಾರ, ಅದನ್ನ ಗದರಬಾರದು ಅಂತ ಮಾಳಪ್ಪ ನಂಬಿದ್ದ. ಹಂಚಿನಿಂದ ಇಳಿದ ಮೊದಲ ರೊಟ್ಟಿ ಕೆಂಚಗ. ಅಂಗಳದ ಹೊರಸು ಕೆಂಚಗ. ತಲಬಾಗಿಲ ಹೊಸ್ತಿಲು ಕೆಂಚಗ. ಅವ ಹೊಸ್ತಿಲಿಗೆ ಅಡ್ಡ ಬಿದ್ದಿದ್ರ ಗಂಡ ಹೆಂಡ್ತಿ ಹಿತ್ತಲ ಬಾಗಿಲಿಂದ ಒಳಗ ಹೋಗ್ತಿದ್ರು! ನಗಬ್ಯಾಡ್ರಿ. ನಿಮ್ಮನಿ ಹೊರಸಿನ ಮ್ಯಾಲೆ ಯಾರು ಮಲಗ್ತಾರ ಅಂತ ನನಗೂ ಗೊತ್ತೈತಿ.

ಐದು ತಿಂಗಳ ಕೂಸಿನ್ನ ಎತ್ತಿಕೊಂಡು ಲಕ್ಕವ್ವ ತಿರುಗಿ ಬಂದ್ಲು. ಕೆಂಚ ಹೊಸ್ತಿಲ ಮ್ಯಾಲೆ ಎದ್ದು ನಿಂತು ಹಲ್ಲು ತೋರಿಸಿದ. ಕೂಸಿನ್ನ ಪಕ್ಕದ ಮನ್ಯಾಗ ಕೊಟ್ಟು ಬಂದ್ಲು, ಸುಮ್ಮನಾದ. ಮತ್ತ ತಂದ್ಲು, ಮತ್ತ ಗುರ್ ಅಂದ.

ಮಾಳಪ್ಪನ ಕಣ್ಣಾಗ ನೀರು. "ಯವ್ವಾ, ದೇವರ ನಾಯಿನ್ನ ಹೊರಗ ಹಾಕಾಕ ನನ್ನ ಕೈಲಿ ಆಗೂದಿಲ್ಲ. ಕೂಸಿಗೆ ಏನರ ಆದ್ರ ನಾ ಬದುಕೂದಿಲ್ಲ. ನೀನ ಕೂಸಿನ್ನ ಕರಕೊಂಡು ತವರಿಗೆ ಹೋಗವ್ವಾ."

"ಮೂರು ದಿನ ಕೊಡ್ರಿ ಮಾವಾ. ಅಲ್ಲೀತನಕ ಕೂಸು ಪಕ್ಕದ ಮನ್ಯಾಗ ಇರಲಿ. ಆಗಲಿಲ್ಲಂದ್ರ ಹೋಗ್ತೀನಿ."

ಹೊನ್ನವ್ವ ನಾಯಿಗೆ ಬಡಿಯಾಕ ಬಡಿಗಿ ತಂದುಕೊಟ್ಲು. "ಅದು ಬ್ಯಾಡ ಅತ್ತಿ" ಅಂದ್ಲು ಲಕ್ಕವ್ವ.

ಮೊದಲನೇ ದಿನ. ಮೊದಲ ರೊಟ್ಟಿ ಇಳೀತು, ಕೆಂಚ ಬಂದು ನಿಂತ. ಲಕ್ಕವ್ವ ಅದನ್ನ ಮಾವನ ತಾಟಿಗೆ ಹಾಕಿದ್ಲು. "ತಿನ್ರಿ ಮಾವಾ, ಅವನ ಕಣ್ಣ ಮುಂದ." ಮಾಳಪ್ಪ ಕೆಂಚನ ಕಡೆ ನೋಡಲಾರದ ತಿಂದ. ಎಲ್ಲರದೂ ಆದ ಮ್ಯಾಲೆ ಅಕಿ ಒಂದು ರೊಟ್ಟಿ ಹಿಡಿದು "ಕೂಡು" ಅಂದ್ಲು. ಕೆಂಚ ಕೂಡಲಿಲ್ಲ. ರೊಟ್ಟಿ ಬುಟ್ಟಿಗೆ ಹೋತು. ಮಧ್ಯಾಹ್ನ ಮತ್ತ ಅಂದ್ಲು, ಇಲ್ಲ. ಹೊತ್ತು ಇಳಿಯೋ ಮುಂದ ಅಂದ್ಲು. ಕೆಂಚ ಕೂತ! ಆಗ ಕೊಟ್ಲು.

ಎರಡನೇ ದಿನ ಹೊರಸಿನ ಮುಂದ ನಿಂತು "ಇಳಿ" ಅಂದ್ಲು. ಒಂದ ಸಲ. ಬೈಲಿಲ್ಲ, ಕೂಗಲಿಲ್ಲ, ಅಲ್ಲಿಂದ ಕದಲಲೂ ಇಲ್ಲ. ಬಿಸಿಲು ನೆತ್ತಿಗೆ ಬಂತು. ಊರ ಮಂದಿ ಗ್ವಾಡಿ ಹತ್ತಿ ನೋಡಾಕ ಹತ್ತಿದ್ರು. ಕೆಂಚ ಆಕಡೆ ನೋಡಿದ, ಈಕಡೆ ನೋಡಿದ, ಮೆಲ್ಲಕ ಇಳಿದ. ಅಕಿ ಮಾವನ್ನ ಕರೆದು ಹೊರಸಿನ ಮ್ಯಾಲೆ ಕೂಡಿಸಿದ್ಲು.

ಮೂರನೇ ದಿನ ಉಳಿದದ್ದು ಹೊಸ್ತಿಲು. ಅಡ್ಡ ಬಿದ್ದವನ್ನ ಎಬ್ಬಸಾಕ ಲಕ್ಕವ್ವ ಬರಿಗೈಲೆ ನಡೆದ್ಲು. ಕೆಂಚ ಗುರ್ ಅಂದ. ಅಕಿ ನಿಂತ್ಲು, ಆದ್ರ ಹಿಂದಕ್ಕ ಒಂದು ಹೆಜ್ಜಿ ಇಡಲಿಲ್ಲ. ಕೇಳ್ರಿ, ಇದನ್ನ ಹೇಳುವಾಗ ಈಗೂ ನನ್ನ ಮೈ ಜುಮ್ ಅಂತೈತಿ! ಗುರ್ ಅನ್ನೂದು ಸಣ್ಣದಾತು, ಇನ್ನೂ ಸಣ್ಣದಾತು, ನಿಂತಹೋತು. "ಏಳು" ಅಂದ್ಲು. ಆ ಆನಿಯಂಥಾ ನಾಯಿ ಎದ್ದು ಬದಿಗೆ ಸರಿದು ದಾರಿ ಬಿಟ್ಟ. ಮುಂಜಾನೆ ಬಿಟ್ಟ, ಮಧ್ಯಾಹ್ನ ಬಿಟ್ಟ, ಸಂಜೀಗೂ ಬಿಟ್ಟ. ಆಮ್ಯಾಲೆ ಅಕಿ ಪಕ್ಕದ ಮನಿಯಿಂದ ಕೂಸಿನ್ನ ಎದಿಗವಚಿಕೊಂಡು ಬಂದ್ಲು. ಕೆಂಚ ದೂರದಾಗ ಕೂತ, ಮೂಗು ಎತ್ತಿ ಮೂಸಿದ, ತಲಿ ತಗ್ಗಿಸಿದ. ಕೂಸು ತಲಬಾಗಿಲಿಂದ ಮನಿ ಒಳಗ ಹೋತು.

ಆಗ ಕೆಂಚ ಅಂಗಳದಾಗ ದೊಪ್ಪಂತ ಬಿದ್ದ. ಮಾಳಪ್ಪ ಗಾಬರ್ಯಾಗಿ ಓಡಿದ. "ಯವ್ವಾ, ಸತ್ತೈತೇನ?"

"ಇಲ್ಲ ಮಾವಾ. ಮಲಗ್ಯಾನ."

ಮಾಳಪ್ಪ ಬಗ್ಗಿ ನೋಡಿದ. ನಾಲ್ಕೂ ಕಾಲು ಚಾಚಿ, ಬಾಯಿ ತೆರೆದು ಗೊರಕಿ ಹೊಡಿಯಾಕ ಹತ್ತಿದ್ದ. ಅವ ಹಿಂಗ ಮೈಮರೆತು ಮಲಗಿದ್ದನ್ನ ಮಾಳಪ್ಪ ಒಂದ ದಿನಾನೂ ನೋಡಿರಲಿಲ್ಲ.

"ಯಾವ ಮಂತ್ರ ಹಾಕಿದಿ ಯವ್ವಾ?"

"ಮಂತ್ರ ಎಲ್ಲೀದು ಮಾವಾ? ಮನಿ ಯಜಮಾನ್ಕಿ ಅವನ ತಲಿ ಮ್ಯಾಲೆ ಹೊರಿಸಿ ನೀವು ಹಿತ್ತಲ ಬಾಗಿಲ ಹಿಡಿದ್ರಿ. ಬಂದವರು ಹೋದವರ ಮ್ಯಾಲೆಲ್ಲಾ ಅವನೊಬ್ಬನ ಕಣ್ಣಿಡಬೇಕು. ಪಾಪ, ಕಣ್ಣು ಮುಚ್ಚೂದು ಹೆಂಗ?"

ಮಾಳಪ್ಪ ನೆಲದ ಮ್ಯಾಲೆ ಕೂತು ಕೆಂಚನ ತಲಿ ಸವರಿದ. "ತಪ್ಪಾತೋ ಮಗನ," ಅಂದ. ಕೆಂಚ ಏಳಲಿಲ್ಲ.

ಅವನ್ನ ಮಲಗಾಕ ಬಿಡೋಣ. ಕಥಿ ಹೇಳಿದ ಬಾಯಿಗೆ ಒಂದು ಚರಿಗಿ ನೀರು ಕೊಡ್ರಿ, ಕೇಳಿದ ಕಿವಿ ಜ್ವಾಕಿಲೆ ಮನಿಗೆ ಒಯ್ರಿ.