ಮೈಕಿನಾಗ ಇಪ್ಪತ್ತೊಂದು ರೂಪಾಯಿ

ನಲವತ್ತಲ್ಲ, ತಡಿ, ಮೂವತ್ತೈದು. ಮೂವತ್ತೈದು ರೂಪಾಯಿ ನನ್ನ ಕೈಯಾಗ ಕೊಟ್ಟು ಹೋಗಿದ್ದ ನಮ್ಮಪ್ಪ. ನಗಬ್ಯಾಡ ಹಾಸಿನಿ, ನಿಮ್ಮಜ್ಜಿ ಹೇಳೂದು ಕೇಳು, ಈಗ ಅಷ್ಟಕ್ಕ ನಿನಗೊಂದು ಐಸ್ ಕ್ರೀಮ್ ಬರಾಂಗಿಲ್ಲ, ಆವಾಗ ಅದರಾಗ ಮೂರು ಮಂದಿ ಇಪ್ಪತ್ತು ದಿನ ಉಣಬೇಕಿತ್ತು. ನನಗ ಹನ್ನೊಂದು ವರ್ಷ. ನಮ್ಮಪ್ಪ ಬಸಪ್ಪ ಇಲ್ಲೇ ಆದೋನಿ ಮಾರ್ಕೆಟ್ ಯಾರ್ಡಿನಾಗ ಹಮಾಲಿ, ಹತ್ತಿ ಅಂಡಿಗಿ ಹೊರ್ತಿದ್ದ. ನಮ್ಮವ್ವಗ ಹೊಟ್ಟ್ಯಾಗ ಗಡ್ಡಿ ಆಗಿತ್ತು, ಬಳ್ಳಾರಿ ದವಾಖಾನಿಗೆ ಆಪರೇಷನ್ನಿಗೆ ಕರಕೊಂಡು ಹೊಂಟಿದ್ದ. ಮನ್ಯಾಗ ಉಳದಾರು ಯಾರು? ನಾನು, ನನ್ನ ತಂಗಿ ನೀಲ, ಆಕಿಗೆ ಆರೋ ಏಳೋ, ಮತ್ತ ಅಪ್ಪನ ತಾಯಿ ನಮ್ಮಜ್ಜಿ. ಅಜ್ಜಿಗೆ ಎರಡೂ ಕಣ್ಣು ಕಾಣ್ತಿದ್ದಿಲ್ಲ, ಅದಕ್ಕ ರೊಕ್ಕ ನನ್ನ ಕೈಗೆ ಬಂತು. ನಮ್ಮವ್ವ ಟಾಂಗಾ ಹತ್ತೂವಾಗ ಹೊಟ್ಟಿ ಹಿಡ್ಕೊಂಡ ಹೇಳಿದ್ಲು, "ಗಂಗಾ, ಎದುರುಮನಿ ಮದುವ್ಯಾಗ ಎರಡು ರೂಪಾಯಿ ಓದಿಸು, ಮರೀಬ್ಯಾಡ." ಹೂಂ ಅಂದೆ.

ಓದಿಸೂದು ಅಂದ್ರ ನಿಮಗ ಗೊತ್ತೈತಿ, ತೆಲುಗಿನ್ಯಾಗ ಚದಿವಿಂಪುಲು ಅಂತಾರಲ್ಲ, ಅದ. ಮದುವಿ ಚಪ್ಪರದಾಗ ಒಬ್ಬಾತ ಮೇಜು ಹಾಕ್ಕೊಂಡು ಕುಂತಿರ್ತಾನ, ಯಾರು ಎಷ್ಟು ಮುಯ್ಯಿ ಕೊಟ್ರು ಅಂತ ಪುಸ್ತಕದಾಗ ಬರಕೊಂತಾನ, ಮೈಕಿನಾಗ ಓದ್ತಾನ. ಅಪ್ಪ ಹೋದ ಮೂರನೇ ದಿನಕ್ಕ ಮದುವಿ. ನಾನು ಎರಡು ರೂಪಾಯಿ ಮುಷ್ಟ್ಯಾಗ ಹಿಡ್ಕೊಂಡು ಸಾಲಿನ್ಯಾಗ ನಿಂತೀನಿ, ಉಳದ ರೊಕ್ಕ ಲಂಗದ ಗಂಟಿನ್ಯಾಗ ಐತಿ, ಮನ್ಯಾಗ ಇಟ್ರ ಯಾರರ ತಗೊಂಡಾರು ಅಂತ ಹೋದಲ್ಲಿ ಒಯ್ತಿದ್ದೆ. ಆ ಓದೂ ಮನಿಷ್ಯಾನ ಧ್ವನಿ ಕೇಳಬೇಕಿತ್ತು ನೀವು! ದೊಡ್ಡ ಮಂದಿ ಬಂದ್ರ ಗಂಟಲು ಸರಿ ಮಾಡ್ಕೊಂಡು, "ಶ್ರೀ... ರಾಮಿರೆಡ್ಡಿ... ಗಾರು... ಇರವೈ ಒಕ್ಕ... ರೂಪಾಯಲೂ!" ಅಂತ, ಇಪ್ಪತ್ತೊಂದು ರೂಪಾಯಿ ಅಂತ, ಎರಡೆರಡು ಸಲ ಓದ್ತಿದ್ದ. ಕೂಲಿ ಮಂದಿ ಬಂದ್ರ? "ಹಮಾಲಿ ಮಲ್ಲಪ್ಪ ರೆಂಡು, ಹಮಾಲಿ ಈರಪ್ಪ ರೆಂಡು, ಹಮಾಲಿ ಹನುಮಂತು ಒಕಟಿ," ಎರಡು, ಎರಡು, ಒಂದು, ಅಷ್ಟ, ಮೂಗಿನ್ಯಾಗ, ನೊಣ ಗುಂಯ್ ಅಂದಂಗ. ನಮ್ಮಪ್ಪ ಅಷ್ಟು ದೊಡ್ಡ ಅಂಡಿಗಿ ಬೆನ್ನ ಮ್ಯಾಲ ಹೊರ್ತಾನ, ಅವನ ಹೆಸರು ಹಿಂಗ ಮೂಗಿನ್ಯಾಗ ಹೋಗಬೇಕಾ ಅನ್ನಿಸ್ತು ನನಗ. ನನ್ನ ಪಾಳಿ ಬಂತು. ಲಂಗದ ಗಂಟು ಬಿಚ್ಚಿದೆ. ಇಪ್ಪತ್ತೊಂದು ರೂಪಾಯಿ ಎಣಿಸಿ ಇಟ್ಟೆ. ಆತ ಕನ್ನಡಕದ ಮ್ಯಾಲಿಂದ ನೋಡಿದ. "ಎವರು ಪಂಪಿಂಚಾರು ಪಾಪಾ?" ಯಾರು ಕಳಿಸ್ಯಾರವ್ವ ಅಂತ. "ನಮ್ಮಪ್ಪ ಬಸಪ್ಪ," ಅಂದೆ, "ಹಮಾಲಿ ಅಂತ ಓದಬ್ಯಾಡ್ರಿ." ಓದಿದ ನೋಡ್ರಿ! "ಶ್ರೀ... ಬಸಪ್ಪ... ಗಾರು... ಇರವೈ ಒಕ್ಕ... ರೂಪಾಯಲೂ!" ಎರಡು ಸಲ. ನಾನು ನೆಲದ ಮ್ಯಾಲ ಇದ್ದಿಲ್ಲ. ಊಟಕ್ಕ ಕುಂತ್ರೂ ಏನು ತಿಂದೆ ಅಂತ ಗೊತ್ತಿಲ್ಲ.

ಮನಿಗೆ ಬಂದ್ರ ಅಜ್ಜಿ ಕಟ್ಟಿ ಮ್ಯಾಲ ಕುಂತಿದ್ಲು. "ಗಂಗಾ, ಅದ್ಯಾರವ್ವ ಆ ಬಸಪ್ಪ, ಇಪ್ಪತ್ತೊಂದು ಕೊಟ್ಟಾತ? ನಮ್ಮ ಓಣ್ಯಾಗ ಅಂಥ ಸಾಹುಕಾರ ಬಸಪ್ಪ ಯಾರು?" ನಾನು ಸುಮ್ಮನ ನಿಂತೆ. ಅಜ್ಜಿಗೆ ಕಣ್ಣಿಲ್ಲ ಅಂದ್ರೂ ನನ್ನ ಸುಮ್ಮನಿರೂದು ಕಂಡ್ತು. "ಅಯ್ಯ ನನ ಮಗಳ," ಅಂದ್ಲು ಮೆಲ್ಲಕ. ಬಡೀಲಿಲ್ಲ, ಬೈಲಿಲ್ಲ. "ಉಳದದ್ದೆಷ್ಟು?" ಅಂದ್ಲು. ಮೂರು ದಿನದಾಗ ಆರು ಖರ್ಚು ಮಾಡಿದ್ದೆ, ಎಣ್ಣಿ, ಹಾಲು, ಎರಡು ರಿಬ್ಬನ್, ಹೂಂ, ರಿಬ್ಬನ್ನೂ ತಂದಿದ್ದೆ, ಸುಳ್ಳ್ಯಾಕ ಹೇಳ್ಲಿ. ಎಂಟು ರೂಪಾಯಿ ಉಳದಿತ್ತು. ಇನ್ನ ಹದಿನೇಳು ದಿನ. ಗಡಗ್ಯಾಗ ಜ್ವಾಳ ಐದು ದಿನಕ್ಕ ಆಗೂವಷ್ಟು. ಆವಾಗ ನನಗ ಅಳು ಬಂತು.

ಮರುದಿನ ಮುಂಜಾನೆ, ರೊಕ್ಕ ವಾಪಸ್ ಕೇಳಾಕ ಹೋದೆ ನಾನು. ಖರೇ ಹೋದೆ. ಹತ್ತೊಂಬತ್ತು ಕೊಡ್ರಿ, ಎರಡು ಇಟಗೋರಿ ಅಂತ ಕೇಳೂದು ಅಂತ ದಾರ್ಯಾಗ ಪಾಠ ಮಾಡ್ಕೊಂಡು ಹೋಗಿದ್ದೆ, ದಾರಿ ಅಂದ್ರೇನು, ಎದುರುಮನಿ, ನಾಕು ಹೆಜ್ಜಿ. ಮದುಮಗಳ ತಾಯಿ ಹೊರಗ ಬಂದು ನನ್ನ ಎರಡೂ ಕೈ ಹಿಡ್ಕೊಂಡ್ಲು. "ನಿಮ್ಮವ್ವ ದವಾಖಾನ್ಯಾಗ ಅದಾಳ, ಅಂಥಾದ್ರಾಗ ನಿಮ್ಮಪ್ಪ ನಮ್ಮನ್ನ ನೆನಿಸ್ಯಾನಲ್ಲ ಗಂಗಾ, ಹೆಂಥ ಮನಿಷ್ಯಾ ಅವ!" ಅಂತ ಕಣ್ಣಾಗ ನೀರು ತಂದ್ಲು, ನಾಕು ಲಾಡು ಕೊಟ್ಲು. ಅಷ್ಟಾದ ಮ್ಯಾಲ ಬಾಯಿ ಹ್ಯಾಂಗ ಬಿಡಬೇಕು? ಲಾಡು ತಗೊಂಡು ಬಂದೆ.

ಅಜ್ಜಿ ಅಂದ್ಲು, "ನಡಿ, ಸೇಂಗಾ ಬೀಜದ ಸೆಟ್ಟರ ಮನಿಗೆ ಹೋಗೂನು." ಅದು ಬ್ಯಾಸಗಿ ಕಡೀಗೆ, ಮಳಿ ಬೀಳೂ ಮುಂದ ಬಿತ್ತಾಕ ಬೀಜ ಬೇಕಲ್ಲ, ಸೇಂಗಾ ಕಾಯಿ ಕೈಲೆ ಸುಲೀಬೇಕು. ಸೇರು ಕಾಳಿಗೆ ಹತ್ತು ಪೈಸೆ. ಕಾಳು ಒಡದ್ರ, ಮ್ಯಾಲಿನ ಕೆಂಪು ಸಿಪ್ಪಿ ಹೋದ್ರ ಬೀಜಕ್ಕ ಬರಾಂಗಿಲ್ಲ, ಅದಕ್ಕ ರೊಕ್ಕಿಲ್ಲ. ನನ್ನ ಹೆಗಲ ಮ್ಯಾಲ ಕೈ ಇಟ್ಕೊಂಡು ಅಜ್ಜಿ ಬಂದ್ಲು, ಸೆಟ್ಟರ ಹೆಂಡತಿ ನೋಡಿ, "ಒಬ್ಬಾಕಿಗೆ ಕಣ್ಣಿಲ್ಲ, ಒಬ್ಬಾಕಿಗೆ ವಯಸ್ಸಿಲ್ಲ, ನನ್ನ ಬೀಜೆಲ್ಲ ಹಾಳು ಮಾಡ್ತೀರಿ," ಅಂದ್ಲು. ಅಜ್ಜಿ ಒಂದು ಹಿಡಿ ಕಾಯಿ ಕೊಡ್ರಿ ಅಂತ ಕೈ ಚಾಚಿದ್ಲು. ಪಟ್, ಪಟ್, ಪಟ್, ಹೆಬ್ಬಟ್ಟಿಲೆ ಒತ್ತೂದು, ಕಾಳು ಉಡ್ಯಾಗ ಬೀಳೂದು. ಒಂದೂ ಒಡದಿದ್ದಿಲ್ಲ. ಸೆಟ್ಟರ ಹೆಂಡತಿ ಅರ್ಧ ಚೀಲ ಕೊಟ್ಟು ಕಳಿಸಿದ್ಲು.

ಅವತ್ತಿಂದ ದಿನಾ ಅದ ಕೆಲಸ. ಕಾಯಿ ಮ್ಯಾಲ ನೀರು ಚಿಮುಕಿಸಿ ಮೆತ್ತಗ ಮಾಡ್ಕೊಂಡು ಮೂರು ಮಂದಿ ಕುಂದ್ರೂದು. ಅಜ್ಜಿ ಐದು ಸೇರು, ನಾನು ಎರಡು, ನೀಲ ಒಂದು. ನೀಲ ನಡುವ ಒಂದು ಕಾಳು ಬಾಯಾಗ ಹಾಕ್ಕೊಂಡ್ಲಂದ್ರ ಅಜ್ಜಿ ಕಿವಿಗೆ ಬೀಳ್ತಿತ್ತು, "ನೀಲಾ, ಉಗುಳು. ಅದು ಬ್ಯಾರೇದವರ ಬೆಳಿ." ನನ್ನ ಉಗುರಿನ ಸಂದು ಬಿಟ್ಟು ರಕ್ತ ಬಂತು, ಅರಿವಿ ಸುತಗೊಂಡೆ. ದಿನಕ್ಕ ಎಂಬತ್ತು ಪೈಸೆ! ಮತ್ತ ಅಂಗಡಿಗೆ ಹೋಗೂ ಮುಂಚೆ ಅಜ್ಜಿ ಬಿಡ್ತಿದ್ದಿಲ್ಲ, "ಏನೇನು ತರ್ತಿ, ಬಾಯಿ ಬಿಟ್ಟು ಹೇಳು." ಹೇಳಬೇಕು. ಜ್ವಾಳ. "ಹೂಂ." ಉಪ್ಪು. "ಮೊನ್ನೆ ತಂದಿ." ಹೌದಲ್ಲ, ಉಪ್ಪು ಬ್ಯಾಡ. ಚಿಮಣಿ ಎಣ್ಣಿ. "ಹೂಂ." ಬಾಯಿ ಬಿಟ್ಟು ಹೇಳೂವಾಗ ನನಗ ತಿಳೀತಿತ್ತು ನೋಡ್ರಿ, ಯಾವುದು ಬೇಕು, ಯಾವುದು ಬರೇ ಆಸಿ ಅಂತ. ಒಂದಿನ "ನೀಲಗ ಐದು ಪೈಸೆ ಪೆಪ್ಪರಮೆಂಟು," ಅಂದೆ, ಬ್ಯಾಡ ಅಂತಾಳ ಅಂದ್ಕೊಂಡಿದ್ದೆ. "ತಾ," ಅಂದ್ಲು ಅಜ್ಜಿ, "ಅದೂ ಕೂಲಿ ಮಾಡೇತಿ."

ಇನ್ನೇನು ನಾಕು ದಿನಕ್ಕ ಅವ್ವ ಅಪ್ಪ ಬರಬೇಕು, ಬಳ್ಳಾರಿ ಕಡೆ ಲಾರಿ ಹೊಡಿಯಾತ ಒಬ್ಬ ಬಂದು ಬಾಗಿಲದಾಗ ನಿಂತ. "ನಿಮ್ಮವ್ವಗ ಹೊಲಿಗಿ ಕೀವು ತುಂಬೇತಿ, ಇನ್ನ ಎಂಟು ದಿನ ಇರಬೇಕಂತ. ನಿಮ್ಮಪ್ಪ ಕೇಳ್ಯಾನ, ರೊಕ್ಕ ಮುಗದಿದ್ರ ಹೇಳು, ನಾಳೆ ನನ್ನ ಕೈಲೆ ಕಳಿಸ್ತಾನಂತ." ನೀಲ ಅಳಾಕ ಹತ್ತಿದ್ಲು. ಅಪ್ಪನ ಹತ್ರ ಇರೂದು ಔಷಧದ ರೊಕ್ಕ, ಅದು ನನಗ ಗೊತ್ತು. ಡಬ್ಬಿಯಾಗ ನಾಕೂವರಿ ರೂಪಾಯಿ ಇತ್ತು. ಸುಲಿಯೂ ಕೆಲಸ ಎರಡು ದಿನದಾಗ ಮುಗೀತಿತ್ತು, ಆಗಲೇ ಮಳಿ ಹನಿ ಬಿದ್ದಿತ್ತು. ಅಜ್ಜಿ ನನ್ನ ಕಡೆ ಮಾರಿ ತಿರುಗಿಸಿ ಕುಂತ್ಲು, ನೀನ ಹೇಳು ಅಂದಂಗ. ನಾನು ಅಂದೆ, "ಐತಿ ಅಂತ ಹೇಳಣ್ಣ. ಸಾಕಾಗಷ್ಟು ಐತಿ ಅಂತ ಹೇಳು." ಆ ಎಂಟು ದಿನದಾಗ ಕಡೀ ನಾಕು ದಿನ ಬರೇ ಅಂಬಲಿ. ಯಾರ ಮನಿ ಬಾಗಿಲಿಗೂ ಹೋಗ್ಲಿಲ್ಲ. ನಾನೂ ಸಣ್ಣಾಕಿ ಇದ್ದೆ ಖರೆ, ಆದ್ರ ಆ ಎಂಟು ದಿನ ಆ ಮನಿ ಯಜಮಾನಿ ನಾನ.

ಅವ್ವ ಬಂದ್ಲು, ಬಡಕಲಾಗಿ, ಆದ್ರ ತನ್ನ ಕಾಲಿಲೆ ನಡಕೊಂಡು ಬಂದ್ಲು. ಅಪ್ಪಗ ಬಸ್ ಸ್ಟ್ಯಾಂಡಿನ್ಯಾಗ ಯಾರೋ ಕೇಳಿದ್ರಂತ, "ಏನಪಾ ಬಸಪ್ಪ, ರೆಡ್ಡಿಗಾರಿಗೆ ಸಮ ಓದಿಸಿಬಿಟ್ಟೆಲ್ಲ!" ಬಂದಾತ ಚೀಲ ಕೆಳಗ ಇಡದ ಕೇಳಿದ, "ಏನವ್ವ ಅದು?" ನಾನು ಎಲ್ಲಾ ಹೇಳಿದೆ, ರಿಬ್ಬನ್ ಸೈತ. ಅವ್ವ ನನ್ನ ಬೆರಳು ನೋಡಿ ಅತ್ಲು, ಆಮ್ಯಾಲ ಸಿಟ್ಟಿಗೆದ್ದು, "ಇನ್ನ ಈಕಿ ಕೈಗೆ ಒಂದು ಪೈಸೆ ಕೊಡಬ್ಯಾಡ್ರಿ," ಅಂದ್ಲು. ಅಪ್ಪ ಒಂದ ಮಾತು ಕೇಳಿದ, "ಮೈಕಿನಾಗ ಹ್ಯಾಂಗ ಓದಿದ?" ನಾನು ಓದಿ ತೋರಿಸಿದೆ. "ಇನ್ನೊಮ್ಮೆ," ಅಂದ. ಇನ್ನೊಮ್ಮೆ ಓದಿದೆ. ಬಿದ್ದು ಬಿದ್ದು ನಕ್ಕ, ಆಮ್ಯಾಲ ಟವೆಲ್ಲಿನಾಗ ಮಾರಿ ಮುಚ್ಕೊಂಡ, ಬಾಳೊತ್ತು ತಗೀಲಿಲ್ಲ.

ಮುಂದಿನ ಶನಿವಾರ ಕೂಲಿ ಬಂತು. ಅವ್ವ ಕೈ ಚಾಚಿದ್ಲು. ಅಪ್ಪ ಆಕಿನ್ನ ದಾಟಿ ಬಂದು ನನ್ನ ಕೈಯಾಗ ಇಟ್ಟ. "ಈ ವಾರದ್ದೂ ನೀನ ನೋಡ್ಕೊ." ಅವ್ವ ಅಂದ್ಲು, "ಬುದ್ಧಿ ಐತೇನ್ರೀ ನಿಮಗ?" ಅಪ್ಪ ಅಂದ, "ಕಳಕೊಂಡದ್ದೂ ಆಕೀನ, ಅದನ್ನ ಬೆರಳಿಲೆ ತುಂಬಿದಾಕೀನೂ ಆಕೀನ. ಈಗ ಕೊಡಲಿಲ್ಲಂದ್ರ ಇನ್ಯಾವಾಗ ಕೊಡ್ಲಿ?" ನನ್ನ ಮದುವಿ ಆಗೂತನ ಆ ಮನಿ ರೊಕ್ಕ ನಾನ ನೋಡಿದೆ, ಅವ್ವನೂ ಆಮ್ಯಾಲ ಏನರ ಬೇಕಂದ್ರ ನನ್ನ ಕೇಳಾಕಿ. ಸರೋಜಾ, ನೀ ಕೇಳಿದ್ಯಲ್ಲವ್ವ, ಮಕ್ಕಳಿಗೆ ರೊಕ್ಕದ ಬುದ್ಧಿ ಹ್ಯಾಂಗ ಕಲಿಸಬೇಕು ಅತ್ತೀ ಅಂತ. ಕೈಯಾಗ ಕೊಡಬೇಕು. ಹಾಳು ಮಾಡಿದ್ರ ಅದರ ಬಿಸಿ ಅವರಿಗೇ ತಗಲಬೇಕು, ನಡುವ ಹೋಗಿ ತುಂಬಿ ಕೊಡಬ್ಯಾಡ. ಆಮ್ಯಾಲ ಮತ್ತ ಕೊಡಬೇಕು. ಎರಡನೇ ಸಲ ಕೊಡಾಕ ಗುಂಡಿಗಿ ಬೇಕು, ಅದು ದೊಡ್ಡವರಿಗೆ ಇರಬೇಕು. ಏಳ್ರಿ ಇನ್ನ, ರೊಟ್ಟಿ ಆರ್ತಾವ.