ಒಂದೇ ಡಿಸ್ಕಿನಲ್ಲಿ ನಲವತ್ತೆರಡು ಆಟ

…ದಂಡ ಅಂತ ಮೊದಲು ನಾನೂ ಅಂದ್ಕೊಂಡೆ ಕಣೇ ಹಿಸ್ಕೆ. ಅಂಗಡೀಲಿ ಎರಡು ಸಲ ಕೈಗೆತ್ಕೊಂಡೆ, ಎರಡು ಸಲ ವಾಪಸ್ ಇಟ್ಟೆ. ನಾವು ಚಿಕ್ಕೋರಿದ್ದಾಗ ಆಡಿದ ವಿಡಿಯೋ ಗೇಮನ್ನೇ ಒಂದು ಡಿಸ್ಕಿಗೆ ತುಂಬಿ, ಹೊಸ ಡಬ್ಬಿ ಮಾಡಿ ಮಾರ್ತಾರೆ. ನಮ್ಮಂಥ ತಲೆ ನರೆತೋರು ಹಲ್ಲು ಕಿರಿದು ಕೊಂಡ್ಕೋತೀವಿ. ಆದ್ರೆ ನೋಡು, ನಲವತ್ತೆರಡು ಆಟ. ಒಂದೇ ಡಿಸ್ಕಲ್ಲಿ. …ಹೂಂ, ಆಡೋದು ಎರಡೇ. ಒಪ್ದೆ. ಉಳಿದ ನಲವತ್ತನ್ನ ಆಗಲೂ ಯಾರೂ ಮುಟ್ತಿರ್ಲಿಲ್ಲ. ನಗು, ನಗು. ನೀನು ನಕ್ರೆ ನನಗೂ ಒಂದು ಸಮಾಧಾನ.

ಕೋಟು ತೆಗಿಯಲ್ವಾ? ಕಾಫಿ ಆರೋಗ್ತಾ ಇದೆ. ಕೇಕು ತಗೋ, ಅದೇ ಸೋಂಪು ಹಾಕಿದ್ದು. ಅಮ್ಮನ ಹುಟ್ಟಿದ ದಿನಕ್ಕೆ, ನಮ್ಮ ಮೆಮ್ ದಿನಕ್ಕೆ, ಇದಿಲ್ದೆ ಆಗುತ್ತಾ? ಕೇಕು ತಿಂದು, ಕಾಫಿ ಕುಡಿದು, ಆಮೇಲೆ… ಗೊತ್ತು ಕಣೇ, ಆಮೇಲೆ ಏನು ಅಂತ ಗೊತ್ತು. ಅದಕ್ಕೇ ಹೇಳ್ತಿರೋದು. ಈ ವರ್ಷ ಬೇರೆ ಥರ ಮಾಡೋಣ ಅಂತ.

ಇದ್ರಲ್ಲಿ ಎಲ್ಲಿ ಬೇಕೋ ಅಲ್ಲಿ ಸೇವ್ ಮಾಡ್ಬಹುದು. ಗುಂಡಿಗೆ ಬಿದ್ಯಾ? ಈ ಬಟನ್ ಒತ್ತು, ಬಿದ್ದೋನು ಹಾಗೇ ಹಿಂದಕ್ಕೆ ಎದ್ದು ಬರ್ತಾನೆ. ರೀಸೆಟ್ ಒತ್ತಿ ಹಿಡ್ಕೊಂಡೇ ಪವರ್ ಆರಿಸ್ಬೇಕು ಅನ್ನೋ ಕಾಟ ಇಲ್ಲ. ನೆನಪಿದೆಯಲ್ಲ, ಮೆಮ್ ಅಡುಗೆಮನೆಯಿಂದ ಕೂಗೋಳು, 'ರೀಸೆಟ್ ಹಿಡ್ಕೊಳ್ರೋ, ಇಲ್ದಿದ್ರೆ ಆಡಿದ್ದೆಲ್ಲ ಅಳಿಸ್ಹೋಗುತ್ತೆ' ಅಂತ. ಅದ್ಯಾವುದೂ ಬೇಡ. ಬಟನ್ ಒತ್ತಿದ್ರೆ ಒಂದು ಚೂರು ತಡವಾಗಿ ಕುಣೀತಾನೆ ಅನ್ನೋದು ಬಿಟ್ರೆ… ಅದನ್ನೂ ಹೇಳ್ಬಿಡ್ತೀನಿ, ಮುಚ್ಚಿಡಲ್ಲ ನಿನ್ ಹತ್ರ.

…ಆ ಆಟದ ಹಳೇ ಕ್ಯಾಸೆಟ್ಟಾ?

ಫೋನಲ್ಲೇ ಹೇಳಿದ್ನಲ್ಲ. ಬ್ಯಾಟರಿ ಹೋಗಿದೆ. ಅದರೊಳಗಿನ ಬಿಲ್ಲೆ ಬ್ಯಾಟರಿ ಇರೋ ತನಕ ಅದಕ್ಕೆ ನೆನಪು. ಮೂವತ್ತು ವರ್ಷ ಬಂತಲ್ಲ, ಅದೇ ದೊಡ್ಡದು. ಮೊನ್ನೆ ಹಾಕಿ ನೋಡ್ದೆ, ಸೇವ್ ಮಾಡಿದೋರ ಹೆಸರು ಬರೋ ಮೂರು ಸಾಲೂ ಖಾಲಿ. …ಯಾಕೆ ಹಾಗ್ ನೋಡ್ತೀಯ? ಹಡಗಿನ ರೇಡಿಯೋ ರಿಪೇರಿ ಮಾಡೋಳು ನೀನು, ನಾನು ನಿನಗೆ ಬ್ಯಾಟರಿ ಪಾಠ ಹೇಳ್ಬೇಕಾ?

ಅಲ್ಲ, ನಾನೇನು ಮರ್ತಿದ್ದೀನಾ? ಆ ಚಳಿಗಾಲ ಪೂರ್ತಿ ಮೆಮ್ ಉಸಿರಿಗೆ ಒದ್ದಾಡ್ತಾ, ಸೋಫಾ ಮೇಲೆ ಕಂಬಳಿ ಹೊದ್ಕೊಂಡು ನಿನ್ ಜೊತೆ ಆಡಿದ್ದು. ಆಟದ ಕೊನೇ ಬಾಗಿಲ ತನಕ ಹೋಗಿ, 'ಹಿಸ್ಕೆ ಸ್ಕೂಲಿಂದ ಬರ್ಲಿ, ಇಬ್ರೂ ಸೇರಿ ತೆಗೀತೀವಿ' ಅಂತ ಅಲ್ಲೇ ಸೇವ್ ಮಾಡಿ ನಿಂತಿದ್ದು. ಅವತ್ತೇ ಆಂಬುಲೆನ್ಸ್ ಬಂತು. ಅಮ್ಮ ತಿರುಗಿ ಮನೆಗೆ ಬರ್ಲಿಲ್ಲ. ನಿನಗೆ ಹನ್ನೊಂದು. ನೀನು ಆ ಬಾಗಿಲು ತೆಗೀಲೇ ಇಲ್ಲ. ವರ್ಷಕ್ಕೊಂದು ಸಲ ಬರ್ತೀಯ, 'ಮೆಮ್' ಅಂತ ಬರೆದಿರೋ ಸಾಲು ನೋಡ್ತೀಯ, ಅದರ ಪಕ್ಕ ಅವಳು ಗುಹೆ ಗುಹೆ ದಾಟಿ ಗಳಿಸಿದ ಹದಿನಾರು ಹೃದಯ ಎಣಿಸ್ತೀಯ, ರೀಸೆಟ್ ಹಿಡಿದು ಆರಿಸ್ತೀಯ. ಅಷ್ಟೇ. ನಿನ್ನ ದೋಣಿಮನೇಲಿ ತೇವ ಅಂತ ಕ್ಯಾಸೆಟ್ಟನ್ನ ನನ್ ಕೈಗೆ ಕೊಟ್ಟೆ. ಅಣ್ಣ ಜೋಪಾನ ಮಾಡ್ತಾನೆ ಅಂತ.

ಆ ಆಟನೂ ಇದ್ರಲ್ಲಿದೆ, ಅದನ್ನೇ ಹೇಳೋಕೆ ಬಂದೆ. ಹದಿನೇಳನೇದು. ಅದೇ ಗುಹೆ, ಅದೇ ರಾಗ, ಅದೇ ಬಾಗಿಲು. ಕೂತ್ಕೊಂಡು ಇಬ್ರೂ ಮೊದಲಿಂದ ಆಡೋಣ. ಏನಂತೀಯ? …ಯಾರಿಲ್ಲ ಅಂದೆ? …ಹೌದು. ಮೆಮ್ ನಿಂತಿಲ್ಲ ಇದರ ಬಾಗಿಲ ಮುಂದೆ. ಒಪ್ದೆ.

ಎಲ್ಲಿಗೆ ಎದ್ದೆ? ಆ ಕಪಾಟಲ್ಲಿ ಏನೂ… ಹಿಸ್ಕೆ, ಬೇಡ. ಹಳೇ ಟೀವಿ ಮೇಲೆ ಧೂಳು ಕೂತಿದೆ, ಹಾಕ್ಬೇಡ. ಖಾಲಿ ಸಾಲು ನೋಡಿ ನಿನಗೇನು ಸಿಗುತ್ತೆ? ಊದಬೇಡ್ವೇ ಕ್ಯಾಸೆಟ್ಟಿಗೆ, ತುಕ್ಕು ಹಿಡಿಯುತ್ತೆ ಅಂತ ನೀನೇ ಬೈತಿದ್ದೆ. ಮಾತು ಕೇಳು. ಒಂದ್ನಿಮಿಷ ನನ್ ಮಾತು ಕೇಳು…

…ಇದೆ. ನೋಡು, ಇದೆ. ಮೆಮ್. ಹೆಸರು ಇದೆಯಲ್ಲ. ನಾನೇ ಸರಿಯಾಗಿ ನೋಡ್ಲಿಲ್ಲವೇನೋ. ಹಳೇ ಬ್ಯಾಟರಿ ಒಂದೊಂದ್ ಸಲ ಸತ್ತು ಮತ್ತೆ… ಆಗುತ್ತಲ್ವಾ ಹಾಗೆ? ನೀನೇ ಹೇಳು, ನಿನಗೆ ಗೊತ್ತಿರುತ್ತೆ.

ಹಿಸ್ಕೆ. ಟೀವಿಗೆ ಅಷ್ಟು ಹತ್ತಿರ ಹೋಗ್ಬೇಡ.

ಬೆರಳು ಯಾಕೆ ಅಲ್ಲಿಟ್ಟೆ? …ಹೂಂ. ಹೃದಯ. ಮೂರು. ಮೂರೇ ಇದೆ.

ಹೊಸದಾಗಿ ಶುರು ಮಾಡೋರಿಗೆ ಕೊಡೋದು ಮೂರು. ನಿನಗೆ ಗೊತ್ತು. ಇದು ಅವಳಲ್ಲ, ಇದು ನಾನು. ನಾನೇ ಬರೆದಿದ್ದು ಆ ಹೆಸರು. ಬ್ಯಾಟರಿಗೆ ಏನೂ ಆಗಿಲ್ಲ.

ಜನವರೀಲಿ, ಒಂದು ಭಾನುವಾರ. ಮನೇಲಿ ಯಾರೂ ಇರ್ಲಿಲ್ಲ. ನಾನು ಮೆಮ್ ಜೊತೆ ಒಂದು ಸಲಾನೂ ಆಡಿಲ್ಲ ಕಣೇ. ಕರೀತಿದ್ಲು. 'ಯೆಲ್ಮರ್, ಒಂದೇ ಒಂದು ಗುಹೆ, ಬಾರೋ' ಅಂತ. ನನಗೆ ಹದಿನಾರು, ಹೊರಗೆ ಮೊಪೆಡ್ ನಿಲ್ಲಿಸ್ಕೊಂಡು ಹುಡುಗ್ರು ಕಾಯ್ತಿದ್ರು. 'ನಿಮ್ಮಮ್ಮ ಚಿಕ್ಕ ಮಕ್ಕಳ ಆಟ ಆಡ್ತಾಳಂತೆ' ಅಂತ ನಕ್ರು. ನಾನೂ ನಕ್ಕೆ. ಕಿಟಕಿ ತೆಗೆದಿತ್ತು, ಅವಳಿಗೆ ಕೇಳಿಸ್ತು. ಕೇಳಿಸ್ಲಿ ಅಂತಲೇ ನಕ್ಕೆ. ಇದನ್ನ ನಾನು ಯಾರಿಗೂ ಹೇಳಿಲ್ಲ.

ಅದಕ್ಕೇ ಒಂದೈದು ನಿಮಿಷ ಆಡೋಣ ಅನ್ನಿಸ್ತು. ಬಾಗಿಲು ತೆಗಿಯಲ್ಲ, ಬರೀ ಅತ್ತ ಇತ್ತ ನಾಲ್ಕು ಹೆಜ್ಜೆ ಅವಳ ಜೊತೆ… ತೆಗೆದ್ಬಿಟ್ಟೆ. ಒಳಗಿದ್ದ ರಾಕ್ಷಸ ಮೇಲೆ ಬಿತ್ತು. ಹೃದಯ ಒಂದೊಂದಾಗಿ ಹೋಗ್ತಿದೆ, ಯಾವ ಬಟನ್ ಒತ್ತಬೇಕೋ ಗೊತ್ತಾಗ್ಲಿಲ್ಲ. ಅವಳು ಸಾಯೋದ್ರೊಳಗೆ ಆರಿಸ್ಬಿಡೋಣ, ಸೇವ್ ಮಾಡಿದ್ದು ಹಾಗೇ ಉಳಿಯುತ್ತೆ ಅಂತ ಪವರ್ ಒತ್ತಿದೆ. ಬರೀ ಪವರ್. ಮೂವತ್ತು ವರ್ಷ ನೀನು ಒಂದು ಸಲಾನೂ ಮರೀದಿದ್ದನ್ನ ನಾನು ಮೊದಲ ಸಲಕ್ಕೇ ಮರ್ತೆ. ತಿರುಗಿ ಹಾಕಿದ್ರೆ ಮೂರು ಸಾಲೂ ಖಾಲಿ.

ಆವಾಗ್ಲೇ ಫೋನ್ ಮಾಡ್ಬೇಕಿತ್ತು. ಮಾಡ್ಲಿಲ್ಲ. ಮೆಮ್ ಅಂತ ಹೊಸದಾಗಿ ಬರೆದು, ಕೆಲಸದಿಂದ ಬಂದ ತಕ್ಷಣ ಇಲ್ಲಿ ಕೂರೋದು. ಹದಿನಾರು ಹೃದಯ ಮಾಡಿ ಆ ಬಾಗಿಲ ಮುಂದೆ ನಿಲ್ಲಿಸಿಬಿಟ್ರೆ ನಿನಗೆ ಗೊತ್ತಾಗಲ್ಲ ಅಂದ್ಕೊಂಡೆ. ಎರಡು ವಾರ ಆಡ್ದೆ ಹಿಸ್ಕೆ. ಎರಡನೇ ಗುಹೆ ದಾಟೋಕಾಗ್ಲಿಲ್ಲ ನನ್ ಕೈಲಿ. ಆ ಉಸಿರಿಟ್ಕೊಂಡು ಅವಳು ಅದನ್ನೆಲ್ಲ ಹೇಗೆ ದಾಟಿದ್ಲೋ. ಆಮೇಲೆ ಅಂಗಡಿಗೆ ಹೋಗಿ ಈ ಡಬ್ಬಿ ತಂದೆ, ಬ್ಯಾಟರಿ ಕಥೆ ಕಟ್ಟಿದೆ. ಕಥೆಗೆ ಹೊಂದ್ಲಿ ಅಂತ ಈ ಸಾಲನ್ನ ಅಳಿಸಿ ಇಡೋಕೂ ನೋಡ್ದೆ. ಆ ಹೆಸರನ್ನ ಎರಡನೇ ಸಲ ಅಳಿಸೋಕೆ ಕೈ ಬರ್ಲಿಲ್ಲ.

ನಾಚಿಕೆ ಆಗುತ್ತೆ ಕಣೇ. ನಿನ್ ಮುಖ ನೋಡೋಕಾಗ್ತಿಲ್ಲ. ಬೈಯಿ. ಒಂದು ಮಾತು ಬೈದು ಹೋಗು.

…ಹೊರಟ್ಯಾ? ಕೇಕು ಹಾಗೇ ಇದೆ. …ಆರಿಸ್ತೀಯಾ? ಆರಿಸು. ಸುಮ್ನೆ ಪವರ್ ಒತ್ತು ಸಾಕು. ಅದ್ರಲ್ಲಿ ಇರೋದು ನಾನು ಮಾಡಿಟ್ಟಿರೋ ಮೋಸ, ಉಳಿಸ್ಕೊಳ್ಳೋ ಅಂಥದ್ದು ಏನೂ ಇಲ್ಲ.

…ಹಿಸ್ಕೆ.

ರೀಸೆಟ್ ಯಾಕೆ ಹಿಡ್ಕೊಂಡೆ?