ಸುಮ್ಮನೆ ನಿಲ್ಲುವವನ ನೌಕರಿ

ವೇದಿಕೆಯ ನಡುವೆ ಕುಳಿತಿರುವ ಅಧ್ಯಕ್ಷರೇ, ಗುತ್ತಿಗೆ ಕಂಪನಿಯಿಂದ ಬಂದಿರುವ ಅತಿಥಿಗಳೇ, ಗ್ಯಾಂಗಿನ ಗೆಳೆಯರೇ, ಬಸವನ ಬಾಗೇವಾಡಿಯ ಸಭಿಕರೇ,

ಶಾಲು ಹೊದಿಸಿದ್ದೀರಿ. ಈ ಸೆಕೆಯಲ್ಲಿ ಇದು ಸನ್ಮಾನವೋ ಶಿಕ್ಷೆಯೋ ತಿಳಿಯುತ್ತಿಲ್ಲ. ಹಳಿ ವಿಭಾಗದ ಮೇಲ್ವಿಚಾರಕನಾಗಿ ಇಂದು ನಿವೃತ್ತನಾಗುತ್ತಿದ್ದೇನೆ. ರೈಲ್ವೆ ಸರ್ಕಾರದ ಕೈಯಲ್ಲಿರಬೇಕೋ, ಖಾಸಗಿಯವರ ಕೈಯಲ್ಲಿರಬೇಕೋ, ಅನುಭವದಿಂದ ಎರಡು ಮಾತು ಹೇಳಿ ಎಂದು ಅಧ್ಯಕ್ಷರು ಕೇಳಿದ್ದಾರೆ. ನನಗೆ ಗೊತ್ತಿರುವುದು ಒಬ್ಬ ಮನುಷ್ಯನ ಕೆಲಸ ಮಾತ್ರ.

ಗ್ಯಾಂಗಿನವರು ಬಗ್ಗಿ ಹಳಿ ದುರಸ್ತಿ ಮಾಡುವಾಗ ಒಬ್ಬ ಸುಮ್ಮನೆ ನಿಂತಿರುತ್ತಾನೆ. ಕೈಯಲ್ಲಿ ಕೆಂಪು ಬಾವುಟ, ಬಾಯಲ್ಲಿ ಸೀಟಿ. ಗಾಡಿ ಕಂಡರೆ ಊದಬೇಕು, ಅಷ್ಟೇ. ಅವನಿಗೆ ‘ಸರ್ಕಾರಿ ಕಂಬ’ ಎಂಬ ಅಡ್ಡಹೆಸರು. ನನ್ನ ತಂದೆ ಸಿದ್ದರಾಯ ಹಾಗೆ ಇಪ್ಪತ್ತಾರು ವರ್ಷ ನಿಂತವರು. ಹೂವಿನ ಹಿಪ್ಪರಗಿಯ ಶಾಲೆಯಲ್ಲಿ ಹುಡುಗರು, “ಏ ಕಂಬದ ಮಗನ, ನಿಮ್ಮಪ್ಪ ನಿಂತು ನಿಂತು ಪಗಾರ ತಿಂತಾನಲ್ಲೋ” ಎನ್ನುತ್ತಿದ್ದರು. ಮನೆಗೆ ಬಂದು ಅತ್ತರೆ ಅಪ್ಪ ನಗುತ್ತಿದ್ದರು. “ನಾ ನಿಂತೇನಂತ ಅವ್ರು ಬಗ್ಗಿ ಕೆಲಸ ಮಾಡ್ತಾರಪಾ.” ಅವರು ನಿಂತಷ್ಟೂ ವರ್ಷ ಆ ಗ್ಯಾಂಗಿನ ಒಬ್ಬರೂ ಗಾಡಿಯಡಿ ಸಿಗಲಿಲ್ಲ. ಅದು ನನ್ನ ಗಮನಕ್ಕೆ ಬರಲಿಲ್ಲ. ನಾಚಿಕೆಯೊಂದೇ ಉಳಿಯಿತು.

ಎರಡು ವರ್ಷದ ಹಿಂದೆ ಹಳಿ ಕೆಲಸ ಗುತ್ತಿಗೆಗೆ ಹೋಯಿತು. ಇಲ್ಲೇ ಕುಳಿತಿರುವ ಕಂಪನಿಯ ಇಂಜಿನಿಯರ್ ಅನೀಲಕುಮಾರ ಅವರು ಕೆಲಸಗಳ ಪಟ್ಟಿ ಹಿಡಿದು ಬಂದರು. “ಸರ, ಈ ನಿಂತಾಂವ ಯಾಕ್ ಬೇಕ್ರಿ?” ಯಾಕೆ ಬೇಕು? ನಿಯಮ ಬೇಕೆನ್ನುತ್ತಿತ್ತು. ಅವರು ಆ ಕೆಲಸದ ಮೇಲೆ ಗೀಟು ಎಳೆದರು. ಸರ್ಕಾರದ ಪರವಾಗಿ ನಾನು ಸಹಿ ಹಾಕಿದೆ. ಬೇಡ ಅಂದದ್ದು ಖಾಸಗಿ, ಹೂಂ ಅಂದದ್ದು ಸರ್ಕಾರ. ಈಗ ಹೇಳಿ, ಯಾರ ಪರವಾಗಿ ಭಾಷಣ ಮಾಡಲಿ? ನಿಜ ಹೇಳುತ್ತೇನೆ, ಸಹಿ ಹಾಕುವಾಗ ಒಳಗೊಳಗೇ ಸಂತೋಷವಾಗಿತ್ತು. ಇನ್ನು ಯಾರ ಮಗನನ್ನೂ ಯಾರೂ ‘ಕಂಬದ ಮಗ’ ಎಂದು ಕರೆಯುವಂತಿರಲಿಲ್ಲ.

ಕಳೆದ ತಿಂಗಳು ಆಲಮಟ್ಟಿಯ ಈಚೆ ಗುತ್ತಿಗೆ ಕೆಲಸಗಾರ ಯಲ್ಲಾಲಿಂಗ ಬೋಲ್ಟ್ ಬಿಗಿಯುತ್ತಿದ್ದ. ಪಕ್ಕದ ಹಳಿಯಲ್ಲಿ ಕಲ್ಲಿದ್ದಲ ಗಾಡಿ ಸಾಗುತ್ತಿತ್ತು. ಆ ಸದ್ದಿನಲ್ಲಿ, ತನ್ನದೇ ಹಳಿಯ ಮೇಲೆ ಬೆನ್ನ ಹಿಂದಿನಿಂದ ಬಂದ ಗಾಡಿ ಅವನಿಗೆ ಕೇಳಲಿಲ್ಲ. ಸೀಟಿ ಊದಲು ಯಾರೂ ಇರಲಿಲ್ಲ.

ವರದಿಯಲ್ಲಿ ನಾನು ‘ಸ್ವಂತ ನಿರ್ಲಕ್ಷ್ಯ’ ಎಂದು ಬರೆದೆ. ಆ ಎರಡು ಪದಗಳಿಂದ ಅವನ ಹೆಂಡತಿ ಮಾಲಾಳಿಗೆ ಪರಿಹಾರ ತಪ್ಪಿತು, ಸತ್ತವನ ಹೆಸರೂ ಕೆಟ್ಟಿತು. ಮೊನ್ನೆ ಅವಳು ಆಫೀಸಿಗೆ ಬಂದಿದ್ದಳು. “ಸಾಹೇಬ್ರ, ಅಂವ ಕಿವುಡ ಅಲ್ರಿ, ಕುಡುಕನೂ ಅಲ್ರಿ. ಅವನ ಹಿಂದ ಯಾರ್ ನಿಂತಿದ್ರು, ಅಷ್ಟ ಹೇಳ್ರಿ.” ನಾನು, “ನೀರ್ ಕುಡೀರಿ” ಎಂದೆ. ಅವಳು ಕುಡಿಯಲಿಲ್ಲ.

ಇಂದು ಸಂಜೆ ಆರರವರೆಗೆ ನಾನು ನೌಕರಿಯಲ್ಲಿದ್ದೇನೆ. ಆಮೇಲೆ ನನ್ನ ಸಹಿಗೆ ಬೆಲೆಯಿಲ್ಲ. ಈಗ ನಾಲ್ಕೂವರೆ. ನನ್ನ ಕೈಯಲ್ಲಿರುವ ಇದು ಯಲ್ಲಾಲಿಂಗನ ಸಾವಿನ ಬಗ್ಗೆ ನನ್ನ ಎರಡನೇ ವರದಿ. ಕಾಯುವವನನ್ನು ತೆಗೆಸಿದ್ದು ಯಾರು, ಒಪ್ಪಿದ್ದು ಯಾರು, ಎರಡೂ ಇದರಲ್ಲಿವೆ. “ಅಪ್ಪಾ, ಪಿಂಚಣಿ ತಡೀತಾರ” ಎಂದು ಮಗಳು ಶೈಲಶ್ರೀ ಹೆದರಿಸಿದ್ದಾಳೆ. ತಡೆಯಲಿ.

ಅಧ್ಯಕ್ಷರೇ, ತಾವು ನನ್ನ ಮೇಲಧಿಕಾರಿಗಳು. ಇಷ್ಟು ಜನರ ಎದುರು ಇದನ್ನು ತೆಗೆದುಕೊಂಡು, ಸಮಯ ಬರೆದು, ಸಹಿ ಮಾಡಿಕೊಡಿ. ಮಾಲಾ ಮೂರನೇ ಸಾಲಿನಲ್ಲಿ ಕುಳಿತಿದ್ದಾಳೆ. ನಕಲು ಅವಳಿಗೆ ಸೇರಬೇಕು. ಕುಳಿತು ಕೇಳಿದ ನಿಮಗೆಲ್ಲ ನಾನು ಋಣಿ. ಅಧ್ಯಕ್ಷರೇ, ಪೆನ್ನು ಇಲ್ಲಿದೆ. ನಮಸ್ಕಾರ.